ಚರ್ಮದ ಕ್ಯಾನ್ಸರ್: ಕಂದು ಮೈಯವರು ಮೊದಲು ಅಂಗಾಲು ನೋಡಿಕೊಳ್ಳಿ

ಚರ್ಮದ ಕ್ಯಾನ್ಸರ್ ಅಂದರೆ ಬಿಸಿಲಿನ ರೋಗ, ಬಿಳಿಯರ ರೋಗ ಎಂಬ ಮಾತಿದೆ. ಅರ್ಧ ನಿಜ. ಮೈಗೆ ಬಣ್ಣ ಕೊಡುವ ನಮ್ಮ ಮೆಲನಿನ್ ಬಿಸಿಲನ್ನು ಸಾಕಷ್ಟು ತಡೆಯುತ್ತದೆ. ಅಂಗಾಲಿನಂಥ ಬಿಸಿಲೇ ಕಾಣದ ಜಾಗದಲ್ಲಿ ಹುಟ್ಟುವ ಕ್ಯಾನ್ಸರನ್ನು ಅದು ತಡೆಯುವುದಿಲ್ಲ.

ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಒಳ್ಳೆ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದು, ಉಗುರು ನೋಡಿಕೊಳ್ಳಿ. ನೇಲ್ ಪಾಲಿಶ್ ಮೊದಲು ಒರೆಸಿ. ಅಂಚು ಅಂಕುಡೊಂಕಾದ, ಬಣ್ಣ ಒಂದೇ ಸಮನಿಲ್ಲದ, 6 ಮಿ.ಮೀ.ಗಿಂತ ದೊಡ್ಡದಾದ ಅಥವಾ ಬೆಳೆಯುತ್ತಿರುವ ಕಪ್ಪು ಕಲೆಯನ್ನು ಚರ್ಮವೈದ್ಯರಿಗೆ ತೋರಿಸಿ. ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆ ಇರುವುದು ನಮ್ಮಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಬುಡದ ಚರ್ಮಕ್ಕೂ ಕಪ್ಪು ಹರಡಿದ್ದರೆ ಕಾಯಬೇಡಿ. ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ, ಮೆಲನೋಮದ (ಮೆಲನಿನ್ ತಯಾರಿಸುವ ಜೀವಕೋಶಗಳ ಕ್ಯಾನ್ಸರ್) ಗೆರೆ ಬುಡ ಬಿಡುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದಿಟ್ಟರೆ ಹೋಲಿಸುವುದು ಸುಲಭ. ಆಣಿ ಇರಬೇಕೆಂದು ಪಟ್ಟಿ ಹಚ್ಚಿ ತಿಂಗಳುಗಟ್ಟಲೆ ಕಳೆಯುವುದರಿಂದಲೇ ಎಷ್ಟೋ ಜನರಿಗೆ ತಡವಾಗುತ್ತದೆ.

ಆಮೇಲೆ ಹಳೆಯ ಸುಟ್ಟ ಕಲೆಗಳು. ಕೀಲಿನ ಮೇಲಿನ ಕಲೆ ಪದೇ ಪದೇ ಬಿರಿದು, ಮಾಯುತ್ತಾ, ಮತ್ತೆ ಒಡೆಯುತ್ತಾ ಇದ್ದರೆ ಇಪ್ಪತ್ತು ಮೂವತ್ತು ವರ್ಷದ ನಂತರವೂ ಅಲ್ಲಿ ಕ್ಯಾನ್ಸರ್ ಹುಟ್ಟಬಹುದು. ಹುಣ್ಣಿನ ಅಂಚು ದಪ್ಪಗಾದರೆ, ವಾಸನೆ ಬಂದರೆ ಮುಲಾಮು ಬದಲಿಸುತ್ತಾ ಕೂರದೆ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ. ಸೊಂಟದಲ್ಲಿ ಲಂಗದ ಲಾಡಿ ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದ ಜಾಗಕ್ಕೂ ಇದೇ ಮಾತು. ಅಪರೂಪವೇ, ಆದರೂ ಲಾಡಿ ಬದಲು ಅಗಲ ಪಟ್ಟಿ ಹಾಕಿಸಿ, ಕಟ್ಟುವ ಜಾಗ ಬದಲಿಸಿ.

ಕುಡಿಯುವ ನೀರೂ ಕಾರಣವಾಗಬಲ್ಲದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಎಂಬ ವಿಷ ಬೆರೆತ ನೀರಿನಿಂದ ಚರ್ಮರೋಗ, ಕ್ಯಾನ್ಸರ್ ಎರಡೂ ಕಂಡುಬಂದವು. ಲೀಟರಿಗೆ 10 ಮೈಕ್ರೊಗ್ರಾಂ ಮಿತಿ. ಕುದಿಸಿದರೆ ಹೋಗದು, ನೀರು ಬತ್ತಿದಷ್ಟೂ ಆರ್ಸೆನಿಕ್ ಸಾಂದ್ರವಾಗುತ್ತದೆ. ನೀರಿನಲ್ಲಿ ಆರ್ಸೆನಿಕ್ ಇರಬಹುದಾದ, ಹಳೆಯ ಚಿನ್ನದ ಗಣಿಗಳ ಸುತ್ತಲಿನ ಊರಿನವರ ಅಂಗೈ ಅಂಗಾಲಲ್ಲಿ ಗಟ್ಟಿ ಗಂಟು, ಮೈಮೇಲೆ ಮಳೆಹನಿಯಂಥ ಚುಕ್ಕೆ ಕಂಡರೆ ಕೊಳವೆಬಾವಿ ನೀರನ್ನೂ ಪರೀಕ್ಷೆಗೆ ಕಳಿಸಬೇಕು.

ಹುಟ್ಟಿನಿಂದಲೇ ಮೈ, ಕೂದಲು ಬಿಳಿಯಿರುವ ಅಲ್ಬಿನಿಸಂ ಇದ್ದವರಿಗೂ ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೂ ಬಿಸಿಲು ನಿಜಕ್ಕೂ ಅಪಾಯ: ತುಂಬುತೋಳು, ಅಗಲ ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ತೊನ್ನು ಅಲ್ಬಿನಿಸಂ ಅಲ್ಲ, ಅದಕ್ಕಾಗಿ ಹೆದರಬೇಕಿಲ್ಲ.

ಅನುಮಾನದ ಮಚ್ಚೆಗೆ ಸುಣ್ಣ-ಸೋಡ ಹಚ್ಚಿ ಸುಡಬೇಡಿ. ಮೇಲ್ಪದರ ಮಾಯ್ದಂತೆ ಕಂಡರೂ ಕೆಳಗಿನದು ಉಳಿದಿರುತ್ತದೆ, ಪರೀಕ್ಷೆಗೆ ಬೇಕಾದ ತುಣುಕೂ ಕೆಟ್ಟಿರುತ್ತದೆ.