ಮನೆಗೆಲ್ಸ, ಕೂಲಿ ಮಾಡೋ ಹೆಣ್ಮಕ್ಕಳಿಗೆ ಪರ್ಮನೆಂಟ್ ಕೆಲ್ಸಕ್ಕೆ ದಾರಿ ಮಾಡ್ಕೊಡೋದು ಹೇಗೆ

ಮೊದ್ಲು ಅವ್ರ ಜೊತೆ ಕೂತು ಇಷ್ಟು ವರ್ಷ ಏನೇನ್ ಮಾಡಿದಾರೆ ಅಂತ ಬರ್ಕೊಳ್ಳಿ. "ನಂಗೇನೂ ಬರಲ್ಲ" ಅಂತಾನೇ ಶುರು ಮಾಡ್ತಾರೆ, ಬಿಡ್ಬೇಡಿ, ದಿನಕ್ಕೆ ನಾಲ್ಕು ಮನೆ ಟೈಮ್ ಹೊಂದಿಸೋದು, ಲೆಕ್ಕ ಇಡೋದು ಎಲ್ಲಾ ಬಯೋಡೇಟಾಗೆ ಬರೋ ವಿಷ್ಯಾನೇ. ಐಡಿಲೂ ಪಾಸ್‌ಬುಕ್ಕಲ್ಲೂ ಹೆಸ್ರು ಒಂದೇ ಥರ ಇದ್ಯಾ ನೋಡಿ. ಅಕೌಂಟ್ ಅವ್ರದ್ದೇ ಇರ್ಲಿ, ಗಂಡಂದಲ್ಲ.

ಎಲ್ರೂ ಮರೆಯೋದು ಮೊದಲ್ನೇ ತಿಂಗಳನ್ನ. ಕೂಲಿ ದುಡ್ಡು ಸಂಜೆಗೇ ಕೈಗೆ ಬರ್ತಿತ್ತು, ಇಲ್ಲಿ ಸಂಬಳಕ್ಕೆ 30 ದಿನ ಕಾಯ್ಬೇಕು, ಅಲ್ಲೀವರೆಗೆ ಮನೆ ನಡೀಬೇಕಲ್ಲ, ಒಳ್ಳೇ ಕೆಲ್ಸ ಸಿಕ್ಕಿದ್ರೂ ಎರಡ್ನೇ ವಾರಕ್ಕೇ ಬಿಟ್ಟು ವಾಪಸ್ ಹೋಗೋಕೆ ಇದೊಂದು ಸಾಕು. ಸೇರೋ ಮುಂಚೆನೇ ಅಷ್ಟು ಖರ್ಚಿಗೆ ಎತ್ತಿಡ್ಸಿ, ಇಲ್ಲಾಂದ್ರೆ ಅಡ್ವಾನ್ಸ್ ಕೇಳ್ಸಿ. ಮಗು ನೋಡ್ಕೊಳ್ಳೋರು ಯಾರು ಅನ್ನೋದೂ ಆಗ್ಲೇ ಸೆಟ್ ಆಗಿರ್ಲಿ.

ಅಪಾಯಿಂಟ್‌ಮೆಂಟ್ ಲೆಟರ್ ಇಲ್ದೆ ಸೇರಿಸ್ಬೇಡಿ. ಸಂಬಳ, ಟೈಮಿಂಗ್, ವಾರದ ರಜೆ, ಹೆರಿಗೆ ರಜೆ ಅದ್ರಲ್ಲಿ ಇದ್ಯಾ ಅಂತ ಅವ್ರಿಗೇ ಓದಿ ಹೇಳಿ. ಕಂಪನಿ ಕೆಲ್ಸಕ್ಕೆ ಮಾತ್ರ ಇದೆಲ್ಲಾ ಅನ್ಕೋಬೇಡಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) 2011ರ 189ನೇ ಒಪ್ಪಂದ ಮನೆಗೆಲಸದವ್ರಿಗೂ ಷರತ್ತುಗಳನ್ನ ಅರ್ಥ ಆಗೋ ಹಾಗೆ, ಆದಷ್ಟೂ ಬರವಣಿಗೇಲೇ ಕೊಡ್ಬೇಕು ಅನ್ನತ್ತೆ. ಸೇರಿದ್ಮೇಲೆ ಪ್ರತೀ ತಿಂಗ್ಳು ಪೇಸ್ಲಿಪ್ ಫೋಟೋ ತೆಗೆದಿಟ್ಕೊಳ್ಳೋಕೆ ಹೇಳ್ಕೊಡಿ.