ಚಿನ್ನಕ್ಕೆ ಹೋದ ಮುತ್ತಜ್ಜನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

‘ನಮ್ಮ ಮುತ್ತಜ್ಜ 1849ರಲ್ಲಿ ಚಿನ್ನ ತೆಗೆಯಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರಂತೆ’ ಎಂಬ ಮನೆಮಾತನ್ನು ನಂಬಿ ಹುಡುಕಲು ಕೂತವರು ಸಾಮಾನ್ಯವಾಗಿ ನೇರ 1850ರ ಜನಗಣತಿಗೆ ಹಾರುತ್ತಾರೆ. ಹೆಸರು ಹೊಂದುವ ಒಬ್ಬ ಸಿಕ್ಕೇ ಸಿಗುತ್ತಾನೆ. ಅವನನ್ನು ವಂಶವೃಕ್ಷಕ್ಕೆ ಕಟ್ಟಿ, ಅವನ ಅಪ್ಪ, ಅಜ್ಜನನ್ನೂ ಏರಿಸಿ ಕೂರಿಸಿದ ಮೇಲೆ ಗೊತ್ತಾಗುತ್ತದೆ, ಅವನು ಬೇರೆ ಯಾರದೋ ಮುತ್ತಜ್ಜ ಎಂದು. ಅಮೆರಿಕದ ಸೊಸೆ, ಅಳಿಯಂದಿರು ಬಂದ ಕನ್ನಡ ಮನೆಗಳಲ್ಲೂ ಮಕ್ಕಳ ಶಾಲೆಯ ವಂಶವೃಕ್ಷದ ಹೋಮ್‌ವರ್ಕ್ ಈಗ ಇದೇ ಹಳ್ಳಕ್ಕೆ ಬೀಳುತ್ತದೆ.

ಕೊನೆಯಿಂದ ಶುರು ಮಾಡಿ

ಸಮಾಧಿ ಕಲ್ಲು, ಮರಣದ ಸುದ್ದಿ, ಮಕ್ಕಳ ಹೆಸರು: ಇವಿಷ್ಟನ್ನು ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಜನಗಣತಿಯನ್ನು ಹಿಂದುಹಿಂದಕ್ಕೆ ಓದಿ. ನಮ್ಮಲ್ಲಿ ಜನಗಣತಿಯ ಮನೆಮನೆ ಹಾಳೆ ಜನರ ಕೈಗೆ ಸಿಗುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದರೆ ಹೆಸರು ಸಮೇತ ಬಿಡುಗಡೆಯಾಗುತ್ತದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಖಾತೆ ತೆರೆದರೆ ಸಾಕು, ದುಡ್ಡು ಕೊಡಬೇಕಿಲ್ಲ.

1900ರ ಹಾಳೆಯಲ್ಲಿ ಹುಟ್ಟಿದ ತಿಂಗಳು, ವರ್ಷ, ವಿದೇಶದಿಂದ ಬಂದವರಾದರೆ ಬಂದ ವರ್ಷ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ವಿವರವಿದೆ. 1890ರದ್ದು ಬಿಡಿ, 1921ರ ವಾಷಿಂಗ್ಟನ್ ಬೆಂಕಿಯಿಂದಾಗಿ ಅದು ಬಹುತೇಕ ಇಲ್ಲ. ಆ ಖಾಲಿ ಜಾಗ ತುಂಬಲು ಕ್ಯಾಲಿಫೋರ್ನಿಯಾದ ಮತದಾರರ ಪಟ್ಟಿ, ಅಂದರೆ ಗ್ರೇಟ್ ರಿಜಿಸ್ಟರ್, ನೋಡಿ. 1866ರಿಂದ ಶುರುವಾದ ಈ ಪಟ್ಟಿಯಲ್ಲಿ ವಯಸ್ಸು, ಹುಟ್ಟಿದ ನಾಡು, ಕಸುಬು ಸಿಗುತ್ತವೆ. ಪೌರತ್ವ ಪಡೆದವರಾದರೆ ಯಾವ ಕೋರ್ಟಿನಲ್ಲಿ ಎಂಬುದೂ ಇರುತ್ತದೆ. 1890ರ ದಶಕದ ಪಟ್ಟಿಗಳಲ್ಲಿ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತೂ ಉಂಟು. ಇಷ್ಟೊಳ್ಳೆಯ ದಾಖಲೆಯನ್ನು ಜನ ಯಾಕೆ ದಾಟಿಹೋಗುತ್ತಾರೋ!

1880ರಲ್ಲಿ ಮನೆ ಯಜಮಾನನಿಗೆ ಏನಾಗಬೇಕು ಎಂಬ ಕಾಲಂ ಇದೆ, ತಂದೆತಾಯಿ ಹುಟ್ಟಿದ ನಾಡೂ ಇದೆ. ಅದಕ್ಕೂ ಹಿಂದಿನ 1870, 1860, 1850ರಲ್ಲಿ ಸಂಬಂಧದ ಕಾಲಂ ಇಲ್ಲವೇ ಇಲ್ಲ. ಒಂದೇ ಅಡ್ಡಹೆಸರಿನ ಇಬ್ಬರು ಒಂದೇ ಗುಡಿಸಲಲ್ಲಿದ್ದ ಮಾತ್ರಕ್ಕೆ ಅಣ್ಣತಮ್ಮ ಎಂದು ಬರೆದುಬಿಡಬೇಡಿ. ಚೀನೀ ಗಣಿಗಾರರ ಹೆಸರಿನ ಮುಂದೆ ಗಣತಿದಾರ ಬರೆದ ‘ಆಹ್’ ಕರೆಯುವಾಗ ಹೆಸರಿಗೆ ಸೇರಿಸುವ ಮಾತು, ಮನೆತನದ ಹೆಸರಲ್ಲ. ಅದನ್ನು ಹಿಡಿದು ಹುಡುಕಿದರೆ ಸಾವಿರ ಜನ ಸಿಗುತ್ತಾರೆ.

1850ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸಾಂಟಾ ಕ್ಲಾರಾ, ಕಾಂಟ್ರಾ ಕೋಸ್ಟಾ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಹಾಳೆಗಳು ಕಳೆದುಹೋಗಿವೆ. ಅಲ್ಲಿ ಹೆಸರಿಲ್ಲ ಎಂದರೆ ಅವರು ಅಲ್ಲಿರಲಿಲ್ಲ ಎಂದಲ್ಲ. 1852ರಲ್ಲಿ ರಾಜ್ಯವೇ ಮಾಡಿಸಿದ ಗಣತಿ ನೋಡಿ: ‘ಹಿಂದಿನ ವಾಸ’ ಎಂಬ ಕಾಲಂ ಅದರಲ್ಲಿದೆ. ಯಾವ ಊರು ಬಿಟ್ಟು ಬಂದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವು ಅಪರೂಪ.

ಸಿಕ್ಕ ಹೆಸರೊಂದನ್ನೇ ಬರೆದುಕೊಂಡು ಎದ್ದುಬಿಡಬೇಡಿ. ಹಾಳೆಯಲ್ಲಿ ಆ ಹೆಸರಿನ ಮೇಲಿನ 20 ಸಾಲು, ಕೆಳಗಿನ 20 ಸಾಲು ಪೂರ್ತಿ ಇಳಿಸಿಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ಜನ ಸೋಲುವುದು ಜಮೀನಿನಲ್ಲಿ

ಅಮೆರಿಕದ ಕೇಂದ್ರ ಸರ್ಕಾರದ ಭೂ ಇಲಾಖೆಯ ಜಾಲತಾಣದಲ್ಲಿ ಹೆಸರು ಹೊಡೆದು, ಏನೂ ಬರದೆ, ‘ಜಮೀನು ಇರಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಅಲ್ಲಿರುವುದು ಪೇಟೆಂಟ್‌ಗಳು, ಅಂದರೆ ನಮ್ಮ ಹಕ್ಕುಪತ್ರದಂಥವು. ಚಿನ್ನದ ಗಣಿಗೆ ಹಕ್ಕುಪತ್ರ ಕೊಡುವ ಕೇಂದ್ರ ಕಾನೂನು ಬಂದದ್ದೇ 1866ರಲ್ಲಿ. ಅಲ್ಲಿಯವರೆಗೆ ಗಣಿಗಾರರು ಅಗೆದದ್ದು ಸರ್ಕಾರಿ ಭೂಮಿಯನ್ನು. ಕೈಯಲ್ಲಿದ್ದದ್ದು ‘ಕ್ಲೇಮು’, ಅಂದರೆ ಈ ತುಂಡು ಜಾಗ ಅಗೆಯುವ ಹಕ್ಕು ನನ್ನದು ಎಂಬುದು ಮಾತ್ರ. ಕ್ಲೇಮಿನ ಅಳತೆ, ನಿಯಮಗಳನ್ನು ಆಯಾ ಗಣಿ ಪ್ರದೇಶದ ಕೆಲಸಗಾರರೇ ಸಭೆ ಸೇರಿ ಮಾಡಿಕೊಳ್ಳುತ್ತಿದ್ದರು. ಬರೆದಿಡಲು ತಮ್ಮಲ್ಲೇ ಒಬ್ಬನನ್ನು ನೇಮಿಸುತ್ತಿದ್ದರು. ಕೆಲಸ ನಿಲ್ಲಿಸಿದರೆ ಕ್ಲೇಮು ಹೋಯಿತು. ಆದ್ದರಿಂದ ಎಷ್ಟೋ ಜನರಿಗೆ ಕ್ರಯಪತ್ರವೇ ಹುಟ್ಟಲಿಲ್ಲ.

ಹೀಗಾಗಿ ಹೋಗಬೇಕಾದದ್ದು ಕೌಂಟಿ ರೆಕಾರ್ಡರ್ ಕಚೇರಿಯ ಪುಸ್ತಕಗಳಿಗೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಂಥದ್ದೇ ಅದು. ಮೊದಲು ಕೌಂಟಿ ಯಾವುದೆಂದು ಖಚಿತ ಮಾಡಿಕೊಳ್ಳಿ: ಮುತ್ತಜ್ಜ ಜಾಗ ಕದಲದಿದ್ದರೂ ಗಡಿ ಕದಲಿರುತ್ತದೆ. ನೆವಾಡಾ ಕೌಂಟಿ 1851ರಲ್ಲಿ ಯೂಬಾದಿಂದ ಒಡೆಯಿತು. ಅಮಡೋರ್ ಹುಟ್ಟಿದ್ದು 1854ರಲ್ಲಿ, ಅಲ್ಲಿಯವರೆಗೆ ಕ್ಯಾಲವೆರಸ್‌ನಲ್ಲಿತ್ತು. ಒಡೆಯುವ ಮುಂಚಿನ ಪುಸ್ತಕಗಳನ್ನು ತಾಯಿ ಕೌಂಟಿಯಲ್ಲಿ ಕೇಳಿ.

ಕ್ರಯಪತ್ರಗಳಿಗೆ ಎರಡು ಸೂಚಿ ಇರುತ್ತವೆ, ಕೊಟ್ಟವರದು ಒಂದು, ಪಡೆದವರದು ಇನ್ನೊಂದು. ಎರಡನ್ನೂ ನೋಡಿ, ಬರಿಯ ಕ್ಲೇಮು ಹಾಕಿದವನು ಪಡೆದವರ ಸೂಚಿಯಲ್ಲಿ ಬರುವುದಿಲ್ಲ, ಅದನ್ನು ಮಾರಿದಾಗ ಕೊಟ್ಟವರ ಸೂಚಿಯಲ್ಲಿ ಮೊದಲ ಸಲ ತಲೆ ತೋರಿಸುತ್ತಾನೆ. ಗಣಿ ಕ್ಲೇಮುಗಳು, ನೀರಿನ ಹಕ್ಕುಗಳು, ಅಡಮಾನ, ಇತರೆ ಎಂಬ ಸಂಪುಟಗಳಿಗೆ ಬೇರೆ ಸೂಚಿ ಇರಬಹುದು. ‘ಗಣಿ ಪುಸ್ತಕ ಕೊಡಿ’ ಎಂದಷ್ಟೇ ಕೇಳಬೇಡಿ, ಸಂಪುಟಗಳ ಪಟ್ಟಿಯನ್ನೇ ಕೇಳಿ.

ಕ್ಲೇಮಿನ ಬರಹ ಹೆಚ್ಚುಕಡಿಮೆ ನಮ್ಮ ಚಕ್ಕುಬಂದಿಯ ಹಾಗೆ: ಮೇಲ್ಗಡೆ ಇಂಥವನ ಕ್ಲೇಮು, ಕೆಳಗಡೆ ಇಂಥ ಹಳ್ಳ, ಪಕ್ಕದಲ್ಲಿ ಕತ್ತರಿಸಿದ ಪೈನ್ ಮರದ ಬುಡ. ಮರ ಈಗಿಲ್ಲ, ಹಳ್ಳದ ಹೆಸರು ಬದಲಾಗಿದೆ. ಉಳಿದಿರುವುದು ಪಕ್ಕದವರ ಹೆಸರು. ಜನಗಣತಿಯಿಂದ ಇಳಿಸಿಕೊಂಡ 40 ಸಾಲನ್ನು ಈಗ ತೆಗೆಯಿರಿ. ಪಾಲುದಾರರು, ಪಕ್ಕದ ಕ್ಲೇಮಿನವರಲ್ಲಿ ಮೂವರಾದರೂ ಅದರಲ್ಲಿ ಸಿಕ್ಕರೆ ಇವನೇ ನಿಮ್ಮವನು ಎನ್ನಲು ಗಟ್ಟಿ ಆಧಾರ. ಒಬ್ಬನೂ ಸಿಗಲಿಲ್ಲವೇ? ಹೆಸರು ಅಕ್ಷರಕ್ಷರ ಹೊಂದಿದರೂ ಮುಂದುವರಿಯಬೇಡಿ. ನೆವಾಡಾ ಕೌಂಟಿಯ ಗ್ರಾಸ್ ವ್ಯಾಲಿಯಲ್ಲಿ ಈ ಎಚ್ಚರ ಹೆಚ್ಚೇ ಬೇಕು: ನಮ್ಮ ಕೋಲಾರದ ಗಣಿಗಳಿಗೂ ಬಂದ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು ಅಲ್ಲೂ ಗುಂಪುಗುಂಪಾಗಿ ನೆಲೆಸಿದ್ದರು, ಅವರಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ.

ಹಣ ಕಟ್ಟಿಸಿಕೊಳ್ಳುವ ತಾಣಗಳಲ್ಲಿ ‘ಸುಳಿವು ಸಿಕ್ಕಿದೆ’ ಎಂದು ಮಿನುಗುವ ಗುರುತನ್ನು ಒತ್ತಿ ಬೇರೆಯವರ ವೃಕ್ಷವನ್ನು ನಕಲು ಮಾಡುವುದು ಅಡ್ಡದಾರಿ. ಒಬ್ಬನ ತಪ್ಪು ನೂರು ವೃಕ್ಷಕ್ಕೆ ಹಬ್ಬಿರುವುದು ಹೀಗೆಯೇ. ಚೌಕಟ್ಟು ಹಾಕಿಸಿದ ‘ಮನೆತನದ ಲಾಂಛನ’ ಮಾರುವವರಿಗಂತೂ ಒಂದು ಡಾಲರೂ ಕೊಡಬೇಡಿ.

ಹಕ್ಕುಪತ್ರ ಇದ್ದರೆ

ಭೂ ಇಲಾಖೆಯ ತಾಣದಲ್ಲಿ ಹೆಸರಿನಿಂದ ಹುಡುಕಿ ಸಿಗದಿದ್ದರೆ ಜಾಗದಿಂದ ಹುಡುಕಿ, ಏಕೆಂದರೆ ಪೇಟೆಂಟ್ ಕಂಪನಿಯ ಹೆಸರಿನಲ್ಲೋ ಪಾಲುದಾರನ ಹೆಸರಿನಲ್ಲೋ ಇರಬಹುದು. ಸರ್ಕಾರದ ಸರ್ವೆಯಲ್ಲಿ ಟೌನ್‌ಶಿಪ್ ಎಂದರೆ 6 ಮೈಲಿ ಚೌಕ, ಅದರೊಳಗೆ 640 ಎಕರೆಯ 36 ಸೆಕ್ಷನ್. ಎಣಿಕೆ ಈಶಾನ್ಯ ಮೂಲೆಯಿಂದ ಪಶ್ಚಿಮಕ್ಕೆ 1ರಿಂದ 6, ಕೆಳಗಿನ ಸಾಲಿನಲ್ಲಿ ಪೂರ್ವಕ್ಕೆ 7ರಿಂದ 12, ಎತ್ತು ಉಳುವ ಸಾಲಿನ ಹಾಗೆ ತಿರುಗಿ ತಿರುಗಿ ಸಾಗುತ್ತದೆ. ಗ್ರಾಸ್ ವ್ಯಾಲಿ ಪಟ್ಟಣದ ಜಾಗಕ್ಕೆ ಟೌನ್‌ಶಿಪ್ 16 ಉತ್ತರ, ರೇಂಜ್ 8 ಪೂರ್ವ, ಮೌಂಟ್ ಡಯಾಬ್ಲೊ ಮೆರಿಡಿಯನ್ ಎಂದು ಕೊಡಬೇಕು. ಮೆರಿಡಿಯನ್ ಎಂದರೆ ಸರ್ವೆ ಎಣಿಕೆ ಶುರುವಾಗುವ ಉತ್ತರ-ದಕ್ಷಿಣ ಗೆರೆ, ರೇಂಜ್ ಎಂದರೆ ಅದರಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟನೆಯ ಟೌನ್‌ಶಿಪ್ ಸಾಲು ಎಂಬುದು. ಮೆರಿಡಿಯನ್ ಬಿಟ್ಟರೆ ಅದೇ ಅಂಕಿಯ ಬೇರೆಯೇ ಊರು ಬರುತ್ತದೆ; ಕ್ಯಾಲಿಫೋರ್ನಿಯಾದಲ್ಲಿ ಅಂಥ ಮೆರಿಡಿಯನ್‌ಗಳು ಮೂರಿವೆ.

ತೆರೆಯ ಮೇಲೆ ಕಾಣುವ ಪೇಟೆಂಟ್ ಒಂದೆರಡು ಪುಟದ್ದು, ಅದರಲ್ಲಿ ಸತ್ವ ಕಡಿಮೆ. ಅದರ ಮೇಲಿನ ಭೂ ಕಚೇರಿಯ ಹೆಸರು, ದಾಖಲೆ ಸಂಖ್ಯೆ, ದಿನಾಂಕ ಬರೆದುಕೊಂಡು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಪೂರ್ತಿ ಫೈಲಿನ ಪ್ರತಿ ತರಿಸಿ. 1872ರ ಗಣಿ ಕಾನೂನಿನ ಪ್ರಕಾರ ಅರ್ಜಿದಾರ ಪೌರನಾಗಿರಬೇಕಿತ್ತು ಅಥವಾ ಪೌರನಾಗುವ ಉದ್ದೇಶ ಘೋಷಿಸಿರಬೇಕಿತ್ತು. 500 ಡಾಲರಿನ ಕೆಲಸ ತೋರಿಸಬೇಕಿತ್ತು. 60 ದಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಿತ್ತು. ಇವಕ್ಕೆಲ್ಲ ಪುರಾವೆ ಇರುವುದು ಫೈಲಿನಲ್ಲಿ. ಹಿಂದಿನ ಮಾಲೀಕರ ಸರಣಿಯೂ ಅಲ್ಲೇ ಸಿಗುತ್ತದೆ, ಕೌಂಟಿ ಪುಸ್ತಕದಲ್ಲಿ ಬಿಟ್ಟುಹೋದ ಕೊಂಡಿಗಳನ್ನು ಅದರಿಂದ ಕೂಡಿಸಿಕೊಳ್ಳಬಹುದು.

ಫೈಲು ಕೈಗೆ ಬಂದಾಗ ಮೊದಲು ಸಹಿ ನೋಡಿ. ಓದುಬರಹ ಬಾರದವರನ್ನು ಜನಗಣತಿ ಬೇರೆ ಕಾಲಂನಲ್ಲಿ ಗುರುತಿಸಿದೆ. ಅಲ್ಲಿ ಗುರುತು ಬಿದ್ದವನು ಇಲ್ಲಿ ಹೆಬ್ಬೆರಳಿನ ಜಾಗಕ್ಕೆ ಒಂದು ಇಂಟು ಗುರುತು ಹಾಕಿರಬೇಕು. ಬದಲಿಗೆ ಸೊಗಸಾದ ಕೂಡಕ್ಷರದ ಸಹಿ ಇದ್ದರೆ ಆ 40 ಸಾಲನ್ನು ಮತ್ತೊಮ್ಮೆ ಮೊದಲಿಂದ ಓದಿ.