ತುಳು ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಕೂರಿಸಿದ ಬಗೆ

ಬೆಂಗಳೂರಿನ ಒಂದು ಪ್ರಾದೇಶಿಕ ಚಿತ್ರೋತ್ಸವದಲ್ಲಿ ಕಿರುಚಿತ್ರ ವಿಭಾಗದ ಸಬ್‌ಟೈಟಲ್‌ಗಳನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಆಯ್ಕೆಯಾಗಿದ್ದ ಏಳು ಚಿತ್ರಗಳಲ್ಲಿ ಐದು ಕನ್ನಡದವು, ಒಂದು ತುಳು, ಇನ್ನೊಂದು ಕೊಡವ ತಕ್ಕಿನದು. ಏಳಕ್ಕೂ ಇಂಗ್ಲಿಷ್ ಸಬ್‌ಟೈಟಲ್ ಮೊದಲೇ ಇದ್ದವು. ಕೊನೆಯ ಎರಡಕ್ಕೆ ಕನ್ನಡದಲ್ಲೂ ಇರಬೇಕೆಂದು ಪಟ್ಟು ಹಿಡಿದವನು ನಾನು. ನನ್ನ ತಾಯಿ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ, ಆದರೆ ತೆರೆಯ ಕೆಳಗೆ ಇಂಗ್ಲಿಷ್ ಸಾಲುಗಳು ಓಡತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ಎದ್ದುಬಿಡುತ್ತಾರೆ. ತುಳುವಿನ ಮೊದಲ ಚಲನಚಿತ್ರ ‘ಎನ್ನ ತಂಗಡಿ’ ತೆರೆಕಂಡದ್ದು 1971ರಲ್ಲಿ. ಐದು ದಶಕಗಳು ಕಳೆದ ಮೇಲೂ ಅದೇ ರಾಜ್ಯದ ರಾಜಧಾನಿಯಲ್ಲಿ ತುಳು ಚಿತ್ರವನ್ನು ನೋಡಲು ಕನ್ನಡಿಗರಿಗೆ ಇಂಗ್ಲಿಷ್ ಬೇಕಾಗುತ್ತದೆ ಎಂಬುದು ನನಗೆ ನಿಜವಾಗಿಯೂ ನೋವು ತರುವ ಸಂಗತಿ.

ಮೊದಲ ಕರಡನ್ನು ಇಂಗ್ಲಿಷ್ ಕಡತವನ್ನೇ ಮುಂದಿಟ್ಟುಕೊಂಡು ಎರಡು ರಾತ್ರಿಗಳಲ್ಲಿ ಮುಗಿಸಿದೆ. ಅದು ತಪ್ಪು ದಾರಿಯಾಗಿತ್ತು. ನಿರ್ದೇಶಕರು ಅದನ್ನು ಓದಿ, ಸೊಸೆ ಅತ್ತೆಯನ್ನು ‘ನೀನು’ ಎನ್ನುತ್ತಾಳೆಯೇ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಇತ್ತು. ತುಳುವಿನಲ್ಲಿ ಸಲುಗೆಯ ‘ಈ’ ಬೇರೆ, ಗೌರವದ ‘ಈರ್’ ಬೇರೆ, ಕನ್ನಡದ ನೀನು ಮತ್ತು ನೀವು ಇದ್ದ ಹಾಗೆಯೇ. ‘ಅಂಕಲ್’ ಎಂದಿದ್ದ ಕಡೆ ನಾನು ಚಿಕ್ಕಪ್ಪ ಎಂದು ಬರೆದಿದ್ದೆ. ಪಾತ್ರ ಹೇಳುತ್ತಿದ್ದುದು ‘ತಮ್ಮಲೆ’, ಅಂದರೆ ಸೋದರಮಾವ. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಸಾಗುವ ಅಳಿಯಸಂತಾನದ ನೆನಪಿರುವ ಮನೆಯೊಂದರ ಕಥೆಯಲ್ಲಿ ಈ ಎರಡು ಸಂಬಂಧಗಳನ್ನು ಅದಲುಬದಲು ಮಾಡಿದರೆ ಕಥೆಯ ಬುಡವೇ ಅಲುಗಾಡುತ್ತದೆ. ಆ ಕರಡನ್ನು ಬದಿಗಿಟ್ಟು, ತುಳು ಮನೆಮಾತಿನ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಮಾತನ್ನೂ ಕಿವಿಯಿಂದ ಕೇಳಿ ಬರೆಯುತ್ತಾ ಹೋದೆ. ಹದಿನಾಲ್ಕು ನಿಮಿಷದ ಚಿತ್ರಕ್ಕೆ ನಾಲ್ಕು ಸಂಜೆಗಳು ಹಿಡಿದವು.

ಆ ನಾಲ್ಕರಲ್ಲಿ ಒಂದು ಇಡೀ ಸಂಜೆಯನ್ನು ಒಂದೇ ಪದ ತೆಗೆದುಕೊಂಡಿತು. ಮನೆ ಮಾರುವ ವಿಷಯವನ್ನು ಇಬ್ಬರು ಗಂಡುಮಕ್ಕಳು ತಾಯಿಗೆ ತಿಳಿಸುವ ದೃಶ್ಯವದು. ದೊಡ್ಡವನು ‘ನಾವು ತೀರ್ಮಾನ ಮಾಡಿದ್ದೇವೆ’ ಎನ್ನುತ್ತಾನೆ, ಮತ್ತು ಅಲ್ಲಿಂದ ಚಿತ್ರ ಮುಗಿಯುವವರೆಗೆ ತಾಯಿ ಒಂದು ಮಾತೂ ಆಡುವುದಿಲ್ಲ. ಇಂಗ್ಲಿಷಿನಲ್ಲಿ ಓದಿದಾಗ ಆ ಮೌನದ ಕಾರಣ ನನಗೆ ಹೊಳೆದಿರಲಿಲ್ಲ. ಗೆಳೆಯರು ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ ವಿವರಿಸಿದರು: ತುಳುವಿನಲ್ಲಿ ‘ನಮ’ ಎಂದರೆ ಕೇಳುತ್ತಿರುವವರೂ ಸೇರಿದ ನಾವು, ‘ಎಂಕುಳು’ ಎಂದರೆ ಕೇಳುತ್ತಿರುವವರನ್ನು ಬಿಟ್ಟು ನಾವು. ಮಗ ಆಡಿದ್ದು ‘ಎಂಕುಳು’. ತನ್ನ ಮನೆಯ ಮಾತಿನಲ್ಲಿ ತಾನು ಸೇರಿಲ್ಲ ಎಂಬುದು ತಾಯಿಗೆ ಆ ಒಂದು ಪದದಿಂದಲೇ ಗೊತ್ತಾಗುತ್ತದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಇರುವುದು ‘ನಾವು’ ಒಂದೇ. ಎಷ್ಟೋ ಬಗೆಯಲ್ಲಿ ಬರೆದು ಹೊಡೆದುಹಾಕಿ, ಕೊನೆಗೆ ‘ನಾವು ಅಣ್ಣತಮ್ಮಂದಿರು ತೀರ್ಮಾನ ಮಾಡಿದ್ದೇವೆ’ ಎಂದು ನಿಲ್ಲಿಸಿದೆ. ಸಾಲು ಉದ್ದವಾಯಿತು, ಆದರೆ ತಾಯಿ ಹೊರಗುಳಿದದ್ದು ಕಾಣುತ್ತಿತ್ತು.

ಕೊಡವ ಚಿತ್ರದಲ್ಲಿ ಮಾತು ಕಡಿಮೆ. ದುಡಿ ಬಾರಿಸಿಕೊಂಡು ಹಾಡುವ ಬಾಳೊಪಾಟಿನ ಭಾಗಕ್ಕೆ ಮೊದಲ ಎರಡು ಸಾಲುಗಳ ಅರ್ಥವನ್ನಷ್ಟೇ ಕೊಟ್ಟು, ಉಳಿದುದನ್ನು ಕಿವಿಗೇ ಬಿಟ್ಟೆವು.

ಬರೆದದ್ದನ್ನು ತೆರೆಯ ಮೇಲೆ ತರುವುದು ಬೇರೆಯೇ ಕೆಲಸ. ಒಂದು ಸಾಲಿನಲ್ಲಿ ಎಷ್ಟು ಅಕ್ಷರಗಳಿರಬೇಕು ಎಂದು ತಂತ್ರಾಂಶ ಎಣಿಸುವಾಗ ಗುಣಿತದ ಚಿಹ್ನೆ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಿಡಿಯುತ್ತದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಅದು ಆರು ಸಂಕೇತಗಳು. ಆದ್ದರಿಂದ ತಂತ್ರಾಂಶದ ಕೆಂಪು ಎಚ್ಚರಿಕೆಗಳನ್ನು ಕಡೆಗಣಿಸಿ, ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಮಾತು ಮುಗಿಯುವುದರೊಳಗೆ ಓದು ಮುಗಿಯುತ್ತದೆಯೇ ಎಂದು ನೋಡಿಕೊಂಡೆ. ಎರಡು ಸಾಲುಗಳು ಬಂದಾಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತಿದ್ದುದರಿಂದ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಬೇಕಾಯಿತು. ಚಿತ್ರಮಂದಿರದ ಸರ್ವರ್‌ಗೆ ಕೊಡುವ ಡಿಸಿಪಿಯಲ್ಲಿ, ಅಂದರೆ ಚಿತ್ರದ ಡಿಜಿಟಲ್ ಪ್ರತಿಯಲ್ಲಿ, ಸಬ್‌ಟೈಟಲ್ ಅನ್ನು ಪ್ರತ್ಯೇಕ ಕಡತವಾಗಿಯೂ ಇಡಬಹುದು, ಆದರೆ ಅಲ್ಲಿ ಒತ್ತಕ್ಷರಗಳು ಒಡೆದು ಕಾಣುವ ಅಪಾಯವಿರುವುದರಿಂದ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚು ಹಾಕಿಸಿದೆ. ಇದಕ್ಕೆ ಉಚಿತವಾಗಿ ಸಿಗುವ ಡಿಸಿಪಿ-ಓ-ಮ್ಯಾಟಿಕ್ ತಂತ್ರಾಂಶ ಸಾಕಾಯಿತು.

ಪರೀಕ್ಷಾ ಪ್ರದರ್ಶನದಲ್ಲಿ ತುಳು ಚಿತ್ರದ ಸಾಲುಗಳು ಮಾತಿಗಿಂತ ಮುಂದೆ ಓಡತೊಡಗಿದವು. ನಾನು ಸಮಯ ಗುರುತು ಮಾಡಿದ್ದು ಸೆಕೆಂಡಿಗೆ 25 ಫ್ರೇಮಿನ ಪ್ರತಿಯಲ್ಲಿ, ಅಂತಿಮ ಪ್ರತಿ ಓಡುತ್ತಿದ್ದುದು 24ರಲ್ಲಿ. ಹದಿನಾಲ್ಕು ನಿಮಿಷದ ಚಿತ್ರ ಹಾಗೆ 35 ಸೆಕೆಂಡು ಉದ್ದವಾಗಿತ್ತು. ಎಲ್ಲ ಸಮಯಗಳನ್ನೂ ಅದೇ ಅನುಪಾತದಲ್ಲಿ ಹಿಗ್ಗಿಸಿ, ಮತ್ತೆ ಮೊದಲಿನಿಂದ ಅಚ್ಚು ಹಾಕಿಸುವಷ್ಟರಲ್ಲಿ ಬೆಳಗಾಗಿತ್ತು. ಅಂತಿಮ ಪ್ರತಿಯ ಫ್ರೇಮ್ ದರವನ್ನು ಕೇಳಿ ತಿಳಿಯದೆ ಈಗ ನಾನು ಒಂದು ಸಾಲಿಗೂ ಸಮಯ ಹಾಕುವುದಿಲ್ಲ.

ಪ್ರದರ್ಶನದ ಸಂಜೆ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆ. ಅವರು ಕೊನೆಯವರೆಗೂ ಕುಳಿತಿದ್ದರು. ಆಟ ಮುಗಿದ ಮೇಲೆ ಕಾಸರಗೋಡು ಕಡೆಯ ಹಿರಿಯರೊಬ್ಬರು ಬಳಿಗೆ ಬಂದು, ಎಲ್ಲವೂ ಸರಿಯಾಗಿದೆ, ಆದರೆ ಆ ‘ಅಣ್ಣತಮ್ಮಂದಿರು’ ಭಾರವಾಯಿತು, ಮಗ ಅಷ್ಟು ಎಚ್ಚರದಿಂದ ಹೇಳುವುದಿಲ್ಲ, ಬಾಯಿಗೆ ಬಂದ ಹಾಗೆ ಹೇಳಿಬಿಡುತ್ತಾನೆ, ನೋಯಿಸುವುದು ಅದೇ ಎಂದರು. ಅವರ ಮಾತು ಸರಿಯಾಗಿತ್ತು. ಮನೆಗೆ ಬರುವ ದಾರಿಯಲ್ಲಿ ತಾಯಿಯವರಿಗೆ ಅದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವಿಬ್ಬರು ಅಂದರೆ ಆಗುವುದಿಲ್ಲವೇ?’ ಎಂದು ಕೇಳಿದರು. ಆ ದೃಶ್ಯದ ಕೋಣೆಯಲ್ಲಿ ಇರುವವರು ಮೂವರು. ಅಂದು ರಾತ್ರಿಯೇ ಕಡತ ತೆರೆದು ಆ ಸಾಲನ್ನು ‘ನಾವಿಬ್ಬರು ತೀರ್ಮಾನ ಮಾಡಿದ್ದೇವೆ’ ಎಂದು ತಿದ್ದಿ, ನಿರ್ದೇಶಕರಿಗೆ ಕಳುಹಿಸಿದೆ.